ಪ್ಯಾನೆಲ್ ಬಟ್ಟೆಗೆ ಕತ್ತರಿ ಹಾಕುವ ಮೊದಲು ಮೂಲೆ ನೋಡಿ

ಈಗ ಎಲ್ಲರ ಮನೆಗೂ ಪ್ಯಾನೆಲ್ ಬಟ್ಟೆ ಬಂದಿದೆ, ಅಂದರೆ ಇಡೀ ತುಂಡಿಗೆ ಒಂದೇ ಚಿತ್ರ ಅಚ್ಚು ಹಾಕಿದ್ದು. ಒಂದು ದೊಡ್ಡ ಮರ, ಮೇಲೆ ಜೋಡಿ ನವಿಲು, ಸುತ್ತ ಬಳ್ಳಿಯ ಅಂಚು. ಇಲ್ಲವೆಂದರೆ ಗಣಪ, ತಾವರೆ ಕೊಳ, ಕಲಂಕಾರಿ ಹಸು. ಹಿಂದೆ ಒಂದು ಅಸ್ತರ, ನಡುವೆ ಒಂದು ಹತ್ತಿ ಹಾಸು ಇಟ್ಟು ಮಷಿನ್ ಮೇಲೆ ಓಡಿಸುತ್ತಾರೆ. ಸಂಜೆಯೊಳಗೆ ಗೋಡೆಗೆ ಮೊಳೆ ಹೊಡೆದು ತೂಗುಹಾಕಿಯೂ ಆಗಿರುತ್ತದೆ. ಚಿತ್ರ ಚೆಂದವೇ ಇರುತ್ತದೆ. ಆದರೆ ಕೆಳಗಿನ ಅಂಚು ನೋಡಿ, ಒಂದು ಮೂಲೆ ಮೇಲೆ, ಇನ್ನೊಂದು ಕೆಳಗೆ. ಪಕ್ಕದ ಅಂಚು ಅಲೆಅಲೆ. ನಡುವೆ ಹೊಟ್ಟೆ ಉಬ್ಬಿರುತ್ತದೆ. ಇಲ್ಲಿ ಬಾಗಲಕೋಟೆಯಲ್ಲಿ ಯಾರ ಮನೆಗೆ ಅರಿಶಿನ ಕುಂಕುಮಕ್ಕೆ ಹೋದರೂ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. "ಚಲೋ ಬಂದೈತಲ್ರಿ ಅಜ್ಜಿ?" ಅಂತ ಕೇಳುತ್ತಾರೆ. ಚಲೋ ಬಂದಿಲ್ಲವ್ವಾ. ಇಷ್ಟು ದುಡ್ಡು ಕೊಟ್ಟು ತರಿಸಿದ ಬಟ್ಟೆ, ಅವಸರದಲ್ಲಿ ಹಾಳಾಗಿದೆ.

ಹೊಲಿಗೆ ಎಲ್ಲರಿಗೂ ಬರುತ್ತದೆ, ಅದರಲ್ಲಿ ತಪ್ಪಿಲ್ಲ. ಅಚ್ಚಿನ ಗೆರೆ ನೆಟ್ಟಗೆ ಇದೆ ಅಂತ ನಂಬುವುದೇ ತಪ್ಪು. ಗಿರಣಿಯಲ್ಲಿ ಬಟ್ಟೆ ಜೋರಾಗಿ ಓಡುತ್ತಿರುವಾಗ ಅಚ್ಚು ಬೀಳುತ್ತದೆ. ಆ ಎಳೆತಕ್ಕೆ ಹೊಕ್ಕಿನ ಎಳೆಗಳು, ಅಂದರೆ ಅಡ್ಡ ಎಳೆಗಳು, ಒಂದು ಕಡೆ ವಾಲುತ್ತವೆ. ಹಾಗೆ ವಾಲಿದ ಬಟ್ಟೆಯ ಮೇಲೆ ಚಿತ್ರ ಕೂರುತ್ತದೆ. ಆಮೇಲೆ ಬಟ್ಟೆ ತನ್ನ ಜಾಗಕ್ಕೆ ಮರಳಿತು ಅಂದರೆ ಚೌಕ ಸೊಟ್ಟ. ಇಳಕಲ್, ಗುಳೇದಗುಡ್ಡ, ರಬಕವಿ, ಬನಹಟ್ಟಿ, ಈ ನೇಕಾರರ ಊರುಗಳೆಲ್ಲ ನಮ್ಮ ಸುತ್ತಲೇ ಇವೆ. ಉದ್ದ ಎಳೆಯ ಹಾಸು ಯಾವುದು, ಅಡ್ಡ ಎಳೆಯ ಹೊಕ್ಕು ಯಾವುದು ಅಂತ ನಮ್ಮ ಹೆಣ್ಣುಮಕ್ಕಳಿಗೆ ಯಾರಾದರೂ ಹೇಳಿಕೊಡಬೇಕಾ?

ಮೊದಲು ಬಟ್ಟೆ ನೂಲಿನದೋ ಅಲ್ಲವೋ ನೋಡಿ. ಪಾಲಿಯೆಸ್ಟರ್ ಸ್ಯಾಟಿನ್ ಮೇಲೆ ಅಚ್ಚು ಹಾಕಿದ್ದು ಬಂದರೆ ವಾಪಸ್ ಕಳಿಸಿ, ಅದು ಎಳೆದರೂ ಬಗ್ಗುವುದಿಲ್ಲ. ಆಮೇಲೆ ಬಣ್ಣ. ಬಿಳಿ ಬಟ್ಟೆಯ ಚೂರನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ. ಗಾಢ ಕೆಂಪು, ನೀಲಿ, ಕಪ್ಪು ಇರುವ ಜಾಗದಲ್ಲಿ ಒತ್ತಿ ಹಿಡಿದು ತಿಕ್ಕಿ. ಬಣ್ಣ ಹತ್ತಿದರೆ ಆ ಪ್ಯಾನೆಲ್‌ಗೆ ಜಾಸ್ತಿ ನೀರು ತೋರಿಸಬಾರದು. ಅಸ್ತರದ ಬಟ್ಟೆಯನ್ನು ಮಾತ್ರ ಒಂದು ರಾತ್ರಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಕೊಳ್ಳಿ. ಹೊಸ ಬಟ್ಟೆ ಆಮೇಲೆ ಕುಗ್ಗಿದರೆ ಮುಂದಿನ ಚಿತ್ರವೆಲ್ಲ ಸುಕ್ಕು.

ಇನ್ನು ಮೂಲೆ ನೋಡುವುದು. ಇದನ್ನು ಬಿಟ್ಟು ಮುಂದೆ ಹೋಗುವವರ ಕೆಲಸ ನಾನು ನೋಡುವುದೇ ಇಲ್ಲ.

ಬಟ್ಟೆಯ ಎರಡೂ ಪಕ್ಕದಲ್ಲಿ ನೇಯ್ಗೆಯ ಗಟ್ಟಿ ಅಂಚು ಇರುತ್ತದೆ. ಅದು ಒಳಗಿನ ಬಟ್ಟೆಯ ಹಾಗೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಅದನ್ನು ಮೊದಲು ಕತ್ತರಿಸಿ ತೆಗೆಯಿರಿ. ಉಳಿದ ಕಡೆ ಅಚ್ಚಿನ ಗೆರೆಯ ಹೊರಗೆ ಎರಡು ಬೆರಳು ಬಟ್ಟೆ ಇರಲಿ. ಪ್ಯಾನೆಲ್ ಅನ್ನು ನೆಲದ ಮೇಲೆ ಹಾಸಿ. ಟೇಪು ಬೇಡ, ಹೂ ಕಟ್ಟುವ ದಾರ ತಗೊಳ್ಳಿ. ಅಚ್ಚಿನ ಹೊರಗೆರೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಹಿಡಿದು ಗಂಟು ಹಾಕಿ. ಅದೇ ದಾರವನ್ನು ಉಳಿದೆರಡು ಮೂಲೆಗೆ ಹಿಡಿಯಿರಿ. ಗಂಟು ಸರಿಯಾಗಿ ಮೂಲೆಗೇ ಬಂತಾ? ಬಂದಿದ್ದರೆ ನಿಮ್ಮ ಪುಣ್ಯ. ನನ್ನ ಕೈಗೆ ಬಂದ ಪ್ಯಾನೆಲ್‌ಗಳಲ್ಲಿ ಹಾಗೆ ಬಂದದ್ದು ಕಡಿಮೆ. ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ ಇದ್ದೇ ಇರುತ್ತದೆ. ಒಂದು ಬೆರಳಿನಷ್ಟು ವ್ಯತ್ಯಾಸ ಇದ್ದರೂ ಗೋಡೆಯ ಮೇಲೆ ಎದ್ದು ಕಾಣುತ್ತದೆ.

ಈಗ ನೀರು ಚಿಮುಕಿಸಿ. ಕೈ ಅದ್ದಿ ಸಣ್ಣ ಹನಿಯಾಗಿ ಎಲ್ಲ ಕಡೆ ಒಂದೇ ಸಮ ಬೀಳಬೇಕು. ಸುರುಳಿ ಸುತ್ತಿ ಸ್ವಲ್ಪ ಹೊತ್ತು ಬಿಡಿ, ತೇವ ಒಳಗೆ ಹರಡಲಿ. ಮುಟ್ಟಿದರೆ ತಣ್ಣಗೆ ಅನ್ನಿಸಬೇಕು, ಹಿಂಡಿದರೆ ಹನಿ ಬೀಳಬಾರದು. ಚಿಮುಕಿಸುವ ಮಾತು ಬಂತು, ಹೇಳಿಬಿಡುತ್ತೇನೆ. ಬಟ್ಟೆ ಮೇಲೆ ಒಣಗಿದ ಸಂಡಿಗೆಯನ್ನು ಉಗುರಿನಿಂದ ಕಿತ್ತು ಪುಡಿ ಮಾಡುತ್ತೀರಲ್ಲ, ಬಟ್ಟೆ ತಿರುವಿ ಹಾಕಿ ಹಿಂದಿನಿಂದ ಹೀಗೇ ನೀರು ಚಿಮುಕಿಸಿ ಸ್ವಲ್ಪ ಬಿಟ್ಟು ನೋಡಿ. ಇಡೀ ಸಂಡಿಗೆ ತಾನೇ ಏಳುತ್ತದೆ.

ಸುರುಳಿ ಬಿಚ್ಚಿ ಇಬ್ಬರು ಎದುರುಬದುರು ನಿಲ್ಲಿ. ಮೂಲೆಯಿಂದ ಎದುರು ಮೂಲೆಗೆ ದಾರ ಹಿಡಿದಿರಲ್ಲ, ಆ ಕರ್ಣಗಳಲ್ಲಿ ಯಾವುದು ಗಿಡ್ಡ ಇದೆಯೋ ಅದರ ಎರಡು ಮೂಲೆ ಹಿಡಿಯಬೇಕು, ಉದ್ದ ಇರುವುದನ್ನಲ್ಲ. ಮೂಲೆಯ ತುದಿಯನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದರೆ ಅದಷ್ಟೇ ಕಿವಿಯ ಹಾಗೆ ಚಾಚಿಕೊಳ್ಳುತ್ತದೆ. ಒಂದು ಮುಷ್ಟಿ ತುಂಬ ಬಟ್ಟೆ ಹಿಡಿಯಿರಿ. ಎಳೆಯಿರಿ, ಬಿಡಿ, ಎಳೆಯಿರಿ, ಬಿಡಿ. ಜಗ್ಗಾಟ ಬೇಡ. ಆಮೇಲೆ ಹಿಡಿತವನ್ನು ಮೂಲೆಯಿಂದ ಒಂದು ಗೇಣು ಸರಿಸಿ, ಎದುರಿನವರು ಅಷ್ಟೇ ಸರಿಸಲಿ, ಮತ್ತೆ ಓರೆಯಾಗಿ ಎಳೆಯಿರಿ. ಹೀಗೆ ಅಂಚಿನುದ್ದಕ್ಕೂ ಹೋಗಬೇಕು. ಮೂಲೆ ಒಂದನ್ನೇ ಎಳೆದರೆ ನಡುವಿನ ನವಿಲು ಸೊಟ್ಟವೇ ಉಳಿಯುತ್ತದೆ. ನಮ್ಮ ಅವ್ವ, ದೊಡ್ಡವ್ವ ಪಡಸಾಲೆಯಲ್ಲಿ ನಿಂತು ಗಂಜಿ ಹಾಕಿದ ಧೋತರವನ್ನು ಹೀಗೆ ಎಳೆಯುತ್ತಿದ್ದರು. ಮಾತಾಡುತ್ತಲೇ ಎಳೆಯುತ್ತಿದ್ದರು, ಆದರೆ ಇಬ್ಬರ ಕೈಯೂ ಒಂದೇ ಸಲ ಹಿಂದಕ್ಕೆ ಹೋಗುತ್ತಿತ್ತು. ನಾನು ಚಿಕ್ಕವಳಿದ್ದಾಗ ಒಂದು ತುದಿ ಹಿಡಿಯಲು ಕೊಟ್ಟು, "ನೀ ಜಗ್ಗಬ್ಯಾಡ, ನನ್ನ ಕೈ ನೋಡು" ಅನ್ನುತ್ತಿದ್ದಳು ಅವ್ವ. ಈಗ ನಾನು ಮೊಮ್ಮಗಳಿಗೆ ಅದನ್ನೇ ಹೇಳುತ್ತೇನೆ. ಅವಳು ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದಿರುತ್ತಾಳೆ. ಅದನ್ನು ಆ ಕಡೆ ಇಟ್ಟು ಎರಡೂ ಕೈ ಹಾಕಿದರೆ ಮಾತ್ರ ಈ ಕೆಲಸ.

ಮತ್ತೆ ನೆಲಕ್ಕೆ ಹಾಸಿ, ಮತ್ತೆ ದಾರ ಹಿಡಿಯಿರಿ. ಎರಡೂ ಕರ್ಣ ಸಮ ಆದ ಮೇಲೂ ಒಂದು ನೂಲಿನಷ್ಟು ಜಾಸ್ತಿ ಎಳೆದಿಡಿ, ಒಣಗುವಾಗ ಸ್ವಲ್ಪ ಹಿಂದಕ್ಕೆ ಹೋಗುತ್ತದೆ. ಆಮೇಲೆ ಇಸ್ತ್ರಿ. ಇಲ್ಲಿಯೇ ಎಲ್ಲರೂ ಕೆಡಿಸುವುದು. ಇಸ್ತ್ರಿ ಪೆಟ್ಟಿಗೆಯನ್ನು ಅಂಗಿಯ ಮೇಲೆ ಓಡಿಸಿದ ಹಾಗೆ ಓಡಿಸಬಾರದು, ಮಾಡಿದ್ದೆಲ್ಲ ಮತ್ತೆ ಹಿಗ್ಗುತ್ತದೆ. ಇಟ್ಟು, ಒತ್ತಿ, ಎತ್ತಿ, ಪಕ್ಕಕ್ಕೆ ಇಡಿ. ನಡುವಿನಿಂದ ಅಂಚಿಗೆ ಬನ್ನಿ. ಪೂರ್ತಿ ಒಣಗುವ ತನಕ ನೆಲದ ಮೇಲೆಯೇ ಬಿಡಿ, ತಂತಿಗೆ ಹಾಕಬೇಡಿ. ವ್ಯತ್ಯಾಸ ಎರಡು ಬೆರಳಿಗಿಂತ ಜಾಸ್ತಿ ಇದ್ದರೆ, ಅಥವಾ ಗೆರೆ ನಡುವಲ್ಲಿ ಬಿಲ್ಲಿನ ಹಾಗೆ ಬಾಗಿದ್ದರೆ, ಎಳೆದು ಸರಿ ಆಗುವುದಿಲ್ಲ. ಆಗ ಅಚ್ಚಿನ ಅಂಚನ್ನು ಕತ್ತರಿಸಿ ತೆಗೆದು ನೆಟ್ಟನೆಯ ಬೇರೆ ಪಟ್ಟಿ ಕೊಡಿ.

ಆ ಪಟ್ಟಿಗೆ ನಾನು ಹಳೇ ಇಳಕಲ್ ಸೀರೆಯ ದಡಿಯನ್ನೇ ಹಾಕುವುದು. ಮೈ ಹರಿದರೂ ದಡಿ ಗಟ್ಟಿ ಇರುತ್ತದೆ. ಗುಳೇದಗುಡ್ಡದ ಖಣದ ತುಂಡು ಇದ್ದರೆ ಇನ್ನೂ ಚೆಂದ, ಅದಕ್ಕೂ ಬಿಳಿ ಬಟ್ಟೆಯ ಪರೀಕ್ಷೆ ಮಾಡಿ. ಪಟ್ಟಿಯ ಅಳತೆಯನ್ನು ಪ್ಯಾನೆಲ್‌ನ ಅಂಚಿಗೆ ಹಿಡಿದು ತಗೊಳ್ಳಬೇಡಿ, ಅಂಚು ಹಿಗ್ಗಿರುತ್ತದೆ. ನಡುವೆ ಅಡ್ಡಕ್ಕೆ ಹಿಡಿದು ಅಷ್ಟೇ ಉದ್ದಕ್ಕೆ ಕತ್ತರಿಸಿ, ಅಂಚನ್ನು ಆ ಪಟ್ಟಿಗೆ ಹೊಂದಿಸಿ ಪಿನ್ ಹಾಕಿ. ಅಲೆಅಲೆ ಅಂಚು ಇಲ್ಲಿಗೆ ನಿಂತುಹೋಗುತ್ತದೆ.

ನಡುವೆ ಇಡುವ ಹಾಸಿನ ಜಾಗಕ್ಕೆ ಉಬ್ಬಿದ ಫೈಬರ್ ಬೇಡ. ತೊಳೆದು ತೊಳೆದು ಮೆತ್ತಗಾದ ನೂಲಿನ ಚಾದರ ಸಾಕು, ಅದು ಕುಗ್ಗುವುದೆಲ್ಲ ಕುಗ್ಗಿ ಮುಗಿದಿರುತ್ತದೆ. ಅಸ್ತರ ಮತ್ತು ಹಾಸು ಎರಡೂ ಸುತ್ತ ಮೂರು ಬೆರಳು ದೊಡ್ಡದಿರಲಿ. ಮೂರನ್ನೂ ಹಾಸಿ ಒಂದೊಂದು ಗೇಣಿಗೆ ಕಚ್ಚಾ ಹೊಲಿಗೆ ಹಾಕಿ. ಅವ್ವ ಕೌದಿಯನ್ನು ಅಂಚಿನಿಂದ ಸುತ್ತುತ್ತ ಒಳಗೆ ಬರುತ್ತಿದ್ದಳು. ಹೊದೆಯುವ ಕೌದಿಗೆ ಅದು ಸರಿ, ನಡುವೆ ಸುಕ್ಕು ಬಂದರೂ ನಡೆಯುತ್ತದೆ. ಗೋಡೆಯದಕ್ಕೆ ನಡುವಿನಿಂದ ಶುರು ಮಾಡಿ ಹೊರಗೆ ಹೋಗಿ. ಅಚ್ಚಿನ ಗೆರೆ ಹಿಡಿದು ಹೊಲಿಯಿರಿ, ಒಂದೊಂದು ಹೊಲಿಗೆ ಜೋಳದ ಕಾಳಿನಷ್ಟು. ದೇವರ ಮುಖದ ಮೇಲೆ ಮಾತ್ರ ಹೊಲಿಗೆ ಬೇಡ, ಸುತ್ತ ಹಾಕಿ. ಮಷಿನ್‌ನವರು ಪಾದದ ಒತ್ತಡ ಕಡಿಮೆ ಮಾಡಿಕೊಳ್ಳಿ, ಹೊಲಿಗೆ ಉದ್ದ ಇಡಿ. ಒಂದು ಮೂಲೆಯಲ್ಲಿ ದಟ್ಟ, ಇನ್ನೊಂದರಲ್ಲಿ ವಿರಳ ಹೊಲಿದರೆ ದಟ್ಟ ಇರುವ ಕಡೆ ಬಟ್ಟೆ ಸೇದಿಕೊಳ್ಳುತ್ತದೆ. ಹೊಲಿದು ಮುಗಿದ ಮೇಲೆ ದಾರ ಹಿಡಿದು ಇನ್ನೊಂದು ಸಲ ನೋಡಿ, ಹೆಚ್ಚಿನ ಬಟ್ಟೆ ಕತ್ತರಿಸಿ, ಅಂಚು ಮಡಚಿ ಮುಗಿಸಿ.

ಮೇಲಿನ ಮೂಲೆಗಳಿಗೆ ಸುಮ್ನೆ ಎರಡು ಮೊಳೆ ಹೊಡೆದರೆ ನಡು ಜೋತು ಬೀಳದೆ ಇನ್ನೇನಾಗುತ್ತದೆ? ಲಂಗಕ್ಕೆ ಲಾಡಿ ತೂರಿಸಲು ಬಿಡುವಂಥ ಒಂದು ಉದ್ದ ಕೊಳವೆಯನ್ನು ಅಸ್ತರದ ಬಟ್ಟೆಯಲ್ಲೇ ಮಾಡಿ, ಹಿಂದೆ ಮೇಲಂಚಿಗೆ ಕೈಹೊಲಿಗೆ ಹಾಕಿ. ಸೂಜಿ ಅಸ್ತರ ಮತ್ತು ಹಾಸು ಮಾತ್ರ ಹಿಡಿಯಬೇಕು, ಮುಂದಕ್ಕೆ ಬರಬಾರದು. ಕೊಳವೆಯನ್ನು ಬಿಗಿಯಾಗಿ ಹೊಲಿಯದೆ ಹೊರಮೈಗೆ ಒಂದು ಬೆರಳು ಸಡಿಲ ಬಿಡಿ. ಕೋಲಿನ ದಪ್ಪಕ್ಕೆ ಆ ಸಡಿಲ ಬೇಕು, ಇಲ್ಲದಿದ್ದರೆ ಮುಂದೆ ಅಡ್ಡಕ್ಕೆ ಉಬ್ಬು ಕಾಣುತ್ತದೆ. ಕೋಲು ಬಟ್ಟೆಗಿಂತ ಎರಡೂ ಕಡೆ ಸ್ವಲ್ಪ ಗಿಡ್ಡ ಇದ್ದರೆ ಮುಂದಿನಿಂದ ಕಾಣುವುದಿಲ್ಲ, ಕೊಳವೆಯನ್ನು ಇನ್ನೂ ಸ್ವಲ್ಪ ಗಿಡ್ಡ ಮಾಡಿದರೆ ಕೋಲಿನ ತುದಿ ಮೊಳೆಯ ಮೇಲೆ ಕೂರುತ್ತದೆ.

ನಮ್ಮ ಕಡೆಯ ಬೇಸಿಗೆ ಬಿಸಿಲು ನೇರ ಬೀಳುವ ಗೋಡೆಗೆ ಹಾಕಿದರೆ ಬಣ್ಣ ಬೇಗ ಹೋಗುತ್ತದೆ. ಬೆಳಗಾವಿಯಲ್ಲಿರುವ ನನ್ನ ತಂಗಿಗೆ ತೊಂದರೆಯೇ ಬೇರೆ, ಅಲ್ಲಿ ಮಳೆಗಾಲದಲ್ಲಿ ಗೋಡೆ ತಂಪು ಹಿಡಿದು ಅಸ್ತರಕ್ಕೆ ಬೂಸಲು ಬರುತ್ತದೆ. ಕೆಳಗಿನ ಎರಡು ಮೂಲೆಗಳ ಹಿಂದೆ ಸಣ್ಣ ಮರದ ಚೂರು ಇಟ್ಟು ಗಾಳಿ ಆಡುವಂತೆ ಮಾಡಿಕೊಂಡಿದ್ದಾಳೆ. ಮಳೆ ಹಿಡಿದಾಗ ತೆಗೆದಿಡುವುದಾದರೆ ಮಡಚಬೇಡಿ. ಚಿತ್ರ ಹೊರಗೆ ಬರುವಂತೆ ಕೋಲಿಗೆ ಸುತ್ತಿ, ಹಳೇ ಧೋತರದಲ್ಲಿ ಕಟ್ಟಿಡಿ. ಪ್ಲಾಸ್ಟಿಕ್ ಚೀಲಕ್ಕೆ ಹಾಕಬೇಡಿ.