ತಾಂಜಾನಿಯಾ ಕ್ಲಿನಿಕ್‌ಗೆ ಹೋಗೋರು ಮುಳ್ಳಿನ ವಾಚು ಕಟ್ಕೊಳ್ಳಿ

ಸ್ವಯಂಸೇವೆಗೆ ಅಂತ ತಾಂಜಾನಿಯಾಗೆ ಹೊರಟಿರೋ ಎಂಬಿಬಿಎಸ್ ಮಕ್ಕಳೇ, ರೋಗಿಗೆ ಸ್ವಾಹಿಲಿಯಲ್ಲಿ ಹೊತ್ತು ಹೇಳುವಾಗ ವಾಚಿನ ಗಂಟೆ ಮುಳ್ಳು ತೋರಿಸೋ ಅಂಕಿ ಬಿಟ್ಟು ಅದರ ನೇರ ಎದುರಿನ ಅಂಕಿ ಹೇಳಿ. ನಮ್ಮ ಬೆಳಿಗ್ಗೆ 8 ಅವರಿಗೆ ‘ಸಾ ಮ್ಬಿಲಿ’, ಅಂದ್ರೆ ಎರಡು ಗಂಟೆ. ಸಮಭಾಜಕದ ಹತ್ತಿರ ವರ್ಷವಿಡೀ ಸೂರ್ಯ ಹೆಚ್ಚುಕಡಿಮೆ 6ರ ಸುಮಾರಿಗೇ ಹುಟ್ಟೋದ್ರಿಂದ ಎಣಿಕೆ ಅಲ್ಲಿಂದ ಶುರು. ನಮ್ಮ ಪಂಚಾಂಗದ ಘಳಿಗೆ ಲೆಕ್ಕದ ಥರಾನೇ. ಮಲೇರಿಯಾಕ್ಕೆ ಕೊಡೋ ಆರ್ಟೆಮೆಥರ್-ಲ್ಯುಮೆಫ್ಯಾಂಟ್ರಿನ್‌ನ ಎರಡನೇ ಡೋಸ್ ಮೊದಲನೆಯದು ಕೊಟ್ಟ 8 ಗಂಟೆ ಆದ್ಮೇಲೆ ಬೀಳಬೇಕಲ್ಲ? ಬೆಳಿಗ್ಗೆ 10ಕ್ಕೆ ಕೊಟ್ಟಿದ್ರೆ ಸಂಜೆ 6ಕ್ಕೆ. ವಾಚಲ್ಲಿ 6ರ ಎದುರು 12, ಹಾಗಾಗಿ ‘ಸಾ ಕುಮಿ ನಾ ಮ್ಬಿಲಿ ಜಿಯೋನಿ’ ಅನ್ನಿ. ಡಿಕ್ಷನರಿ ನೋಡಿ ‘ಸಾ ಸಿಟಾ’ (ಆರು ಗಂಟೆ) ಅಂದ್ರೋ, ಪಾಪ, ತಾಯಿ ಮಗೂಗೆ ಮಧ್ಯಾಹ್ನ 12ಕ್ಕೇ ಕುಡಿಸಿರ್ತಾಳೆ, ಇಲ್ಲಾ ಮಧ್ಯರಾತ್ರಿವರೆಗೂ ಕಾಯ್ತಾಳೆ. ಬೆಳಿಗ್ಗೆಗೆ ಅಸುಬುಹಿ, ಸಂಜೆಗೆ ಜಿಯೋನಿ, ರಾತ್ರಿಗೆ ಉಸಿಕು: ಇದನ್ನ ಸೇರಿಸದೆ ಬರೀ ಅಂಕಿ ಹೇಳ್ಬೇಡಿ. ಈ ಲೆಕ್ಕ ಕೈಕೊಡೋದು ಮಾತು ಇಂಗ್ಲಿಷಿಗೆ ತಿರುಗಿದಾಗ. ಇಂಗ್ಲಿಷಲ್ಲಿ ಸಾಮಾನ್ಯವಾಗಿ ನಮ್ಮ ಲೆಕ್ಕಾನೇ ಹೇಳ್ತಾರೆ, ಕೆಲವರು ಮಾತ್ರ ಸ್ವಾಹಿಲಿ ಅಂಕಿಯನ್ನೇ ಇಂಗ್ಲಿಷ್ ಮಾಡಿಬಿಡ್ತಾರೆ. ಅನುಮಾನ ಬಂದ್ರೆ ‘ಸ್ವಾಹಿಲಿ ಲೆಕ್ಕವೋ, ಇಂಗ್ಲಿಷ್ ಲೆಕ್ಕವೋ’ ಅಂತ ಕೇಳಿಬಿಡಿ. ಕೇಸ್ ಶೀಟಲ್ಲಿ ಮಾತ್ರ ಈ ಲೆಕ್ಕ ಬೇಡವೇ ಬೇಡ, ಅಲ್ಲಿ 18:00 ಅಂತಲೇ ಬರೀರಿ.