‘ಬೇಡ’ ಗೆದ್ದರೆ ಮುಂದೇನು? ಕ್ಲಾಸಿನಲ್ಲಿ ಜನಮತಗಣನೆ ನಡೆಸಿದ ನನ್ನ ಅನುಭವ

ನಾನು ಗಂಗಾವತಿಯ ಒಂದು ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಸಂವಿಧಾನ ರಚನೆಯ ಪಾಠ ನಮ್ಮ ಹುಡುಗರಿಗೆ ಬಾಯಿಪಾಠದ ಸರಕು. 2 ವರ್ಷ 11 ತಿಂಗಳು 18 ದಿನ, 395 ವಿಧಿ, 8 ಅನುಸೂಚಿ ಅಂತ ಪಟಪಟ ಹೇಳುತ್ತಾರೆ. ಅಂಕವೂ ಬರುತ್ತದೆ. ಆದರೆ ಒಂದು ದೇಶ ತನ್ನ ಸಂವಿಧಾನವನ್ನು ಒಪ್ಪಿಕೊಳ್ಳುವುದು ಅಂದರೆ ಏನು, ಯಾರನ್ನು ಕೇಳಬೇಕು, ಹೇಗೆ ಕೇಳಬೇಕು ಅನ್ನೋದು ಇದರಿಂದ ತಲೆಗೆ ಹೋಗುವುದಿಲ್ಲ. ಅದಕ್ಕೇ ಕ್ಲಾಸಿನಲ್ಲೇ ಜನಮತಗಣನೆ, ಅಂದರೆ ಒಂದು ವಿಷಯಕ್ಕೆ ‘ಬೇಕು’ ಇಲ್ಲವೇ ‘ಬೇಡ’ ಎಂದು ಎಲ್ಲರಿಂದ ನೇರವಾಗಿ ಮತ ಪಡೆಯುವುದು, ನಡೆಸಲು ಶುರು ಮಾಡಿದೆ. ಹೇಗೆ ಮಾಡ್ತೀರಿ ಅಂತ ಬೇರೆ ಊರಿನ ಉಪನ್ಯಾಸಕರು ಆಗಾಗ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಸಂವಿಧಾನ ಜನಮತಗಣನೆಯಿಂದ ಬಂದದ್ದಲ್ಲ. ಸಂವಿಧಾನ ಸಭೆಯೇ 1949ರ ನವೆಂಬರ್ 26ರಂದು ಅದನ್ನು ಅಂಗೀಕರಿಸಿತು. ಪ್ರಾಂತ್ಯಗಳಿಂದ ಬಂದ ಸದಸ್ಯರನ್ನು ಅಲ್ಲಿನ ಶಾಸಕರು ಆರಿಸಿದ್ದರು. ಆ ಶಾಸಕರಿಗೆ ಮತ ಹಾಕಿದವರು ಆಸ್ತಿ, ತೆರಿಗೆ, ಓದು ಇದ್ದ ಕೆಲವೇ ಮಂದಿ. ಇಷ್ಟು ಹೇಳಿದರೆ ಸಾಕು, ಯಾವ ವರ್ಷವೂ ಒಬ್ಬರಾದರೂ ಕೇಳದೆ ಬಿಡುವುದಿಲ್ಲ: “ಹಂಗಾದ್ರ ನಮ್ಮ ಮುತ್ಯಾನ್ನ ಯಾರ್ ಕೇಳಿದ್ರೀ ಮೇಡಂ?”

ಯಾರೂ ಕೇಳಲಿಲ್ಲ. ನಮ್ಮ ಭಾಗದಲ್ಲಂತೂ ಇನ್ನೂ ಒಂದು ಕೈ ಮುಂದೆ. ಗಂಗಾವತಿ, ಕೊಪ್ಪಳ, ರಾಯಚೂರು ಆಗ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ತುಂಗಭದ್ರಾ ಹೊಳೆ ದಾಟಿದರೆ ಸಿಗುವ ಕಂಪ್ಲಿ, ಅದರಾಚೆ ಬಳ್ಳಾರಿ, ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ಮದ್ರಾಸಿನ ಪ್ರತಿನಿಧಿಗಳು ಸಂವಿಧಾನ ಸಭೆಯಲ್ಲಿ ಕೂತು ವಾದ ಮಾಡುತ್ತಿದ್ದರು. ಹೈದರಾಬಾದಿನ ಕುರ್ಚಿಗಳು ಖಾಲಿ ಇದ್ದವು. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಸಂಸ್ಥಾನವನ್ನು ವಶಕ್ಕೆ ತೆಗೆದುಕೊಂಡ ‘ಪೊಲೀಸ್ ಕಾರ್ಯಾಚರಣೆ’ ಆಯಿತು. ಮರುವರ್ಷ ನವೆಂಬರ್ 23ರಂದು, ಅಂಗೀಕಾರಕ್ಕೆ ಮೂರೇ ದಿನ ಇರುವಾಗ, ನಿಜಾಮ ಫರ್ಮಾನು ಹೊರಡಿಸಿ ಭಾರತದ ಸಂವಿಧಾನವೇ ಹೈದರಾಬಾದಿಗೂ ಸಂವಿಧಾನ ಎಂದು ಸಾರಿದ. ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಕಂಪ್ಲಿಯಿಂದ ಬರುವ ಹುಡುಗರು ಕಾಲರ್ ಎತ್ತಿಕೊಳ್ಳುತ್ತಾರೆ. ಕಾರಟಗಿ, ಕನಕಗಿರಿ ಕಡೆಯವರು ಮುಖ ಗಂಟು ಹಾಕುತ್ತಾರೆ. ನನಗೆ ಅಷ್ಟು ಬಿಸಿ ಬೇಕಾಗಿರುತ್ತದೆ. ಕೆಲಸ ಅಲ್ಲಿಂದ ಶುರು.

ಕರಡು ತಯಾರಿಸುವ ಕೆಲಸ ಅವರದೇ. ಕ್ಲಾಸಿನವರೇ ಒಂದು ಸಮಿತಿ ಆರಿಸಿ ‘ಕ್ಲಾಸಿನ ಸಂವಿಧಾನ’ ಬರೆಯುತ್ತಾರೆ. ಮೊಬೈಲ್ ತಂದರೆ ಏನು, ತಡವಾಗಿ ಬಂದರೆ ಏನು, ಫ್ಯಾನಿನ ಕೆಳಗಿನ ಬೆಂಚು ಯಾರಿಗೆ, ಲೀಡರನ್ನು ಆರಿಸುವುದು ಹೇಗೆ, ಇಳಿಸುವುದು ಹೇಗೆ, ಇವೇ ನಿಯಮಗಳನ್ನು ಮುಂದೆ ತಿದ್ದುವುದು ಹೇಗೆ. ಒಂದು ಪುಟ ದಾಟಬಾರದು. ಫೀಸು, ಟೈಮ್ ಟೇಬಲ್, ಪರೀಕ್ಷೆ ಇದರಲ್ಲಿ ಬರುವುದಿಲ್ಲ ಎಂದು ಪ್ರಾಂಶುಪಾಲರ ಹತ್ತಿರ ಮೊದಲೇ ಮಾತಾಡಿಕೊಂಡಿರುತ್ತೇನೆ. ಹುಡುಗರು ಗೆದ್ದ ಮೇಲೆ ನಾವು ಕೈ ಎತ್ತಿಬಿಟ್ಟರೆ ಮುಂದೆ ಯಾವ ಮತದಾನವನ್ನೂ ಅವರು ನಂಬುವುದಿಲ್ಲ.

ಆಮೇಲೆ ಪ್ರಶ್ನೆ. ಮತಪತ್ರದ ಮೇಲೆ ಒಂದೇ ಸಾಲು ಇರುತ್ತದೆ, ಆದರೆ ಜಗಳ ಎಲ್ಲ ಅಲ್ಲೇ. ಒಂದು ವರ್ಷದ ಸಮಿತಿ ತಂದ ಸಾಲು ಹೀಗಿತ್ತು: “ಶಿಸ್ತಿನ ಕ್ಲಾಸಿಗಾಗಿ ಈ ಹೊಸ ನಿಯಮಗಳನ್ನು ಒಪ್ಪುತ್ತೀರಾ?” ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಶಿಸ್ತು ಬ್ಯಾಡ ಅಂತ ಯಾರರ ಅಂತಾರೇನ್ರೀ ಮೇಡಂ? ಉತ್ತರ ನೀವ ಬರದು ಕೊಟ್ಟಂಗಾತು.” ಆ ಪದ ಹೋಯಿತು. ‘ಹೊಸ’ ಅನ್ನುವುದನ್ನೂ ಹೊಡೆದು ಹಾಕಿದರು. ಉಳಿದದ್ದು: “ಈ ಕರಡನ್ನು ಕ್ಲಾಸಿನ ನಿಯಮವಾಗಿ ಒಪ್ಪುತ್ತೀರಾ?”

ಗುರುತುಗಳ ವಿಷಯ ಬಂದಾಗ ಕೀನ್ಯಾದ ಕಥೆ ಹೇಳುತ್ತೇನೆ. 2005ರಲ್ಲಿ ಅಲ್ಲಿ ಹೊಸ ಸಂವಿಧಾನಕ್ಕೆ ‘ಬೇಕು’ ಅನ್ನುವವರಿಗೆ ಬಾಳೆಹಣ್ಣು, ‘ಬೇಡ’ ಅನ್ನುವವರಿಗೆ ಕಿತ್ತಳೆ. ಕಿತ್ತಳೆ ಗೆದ್ದಿತು. ಗೆದ್ದವರು ಆಮೇಲೆ ಕಿತ್ತಳೆ ಹೆಸರಿನಲ್ಲೇ ಪಕ್ಷ ಕಟ್ಟಿದರು. 2010ರಲ್ಲಿ ಮತ್ತೆ ಮತದಾನವಾದಾಗ ಹಣ್ಣಿನ ಸಹವಾಸ ಬಿಟ್ಟು ಹಸಿರು, ಕೆಂಪು ಬಣ್ಣ ಇಟ್ಟರು. ಆ ಸಲ ಮೂರರಲ್ಲಿ ಎರಡು ಪಾಲಿಗಿಂತ ತುಸು ಜಾಸ್ತಿ ಮತ ಬಿದ್ದು ಸಂವಿಧಾನ ಪಾಸಾಯಿತು. ನಮ್ಮ ದೇಶದಲ್ಲೂ ಇಂಥದ್ದು ನಡೆದಿದೆ. 1967ರ ಜನವರಿಯಲ್ಲಿ ಗೋವಾ ಮಹಾರಾಷ್ಟ್ರಕ್ಕೆ ಸೇರಬೇಕೇ ಎಂದು ಕೇಳಿದಾಗ ಸೇರುವುದಕ್ಕೆ ಹೂವು, ಕೇಂದ್ರಾಡಳಿತವಾಗೇ ಉಳಿಯುವುದಕ್ಕೆ ಎರಡು ಎಲೆ. ಎಲೆಗೆ 1,72,191, ಹೂವಿಗೆ 1,38,170. ಅದೂ ಸುಮ್ನೆ ಆಗಲಿಲ್ಲ. ನಮ್ಮ ಸಂವಿಧಾನದಲ್ಲಿ ಜನಮತಗಣನೆಗೆ ದಾರಿಯೇ ಇಲ್ಲವಾದ್ದರಿಂದ ಸಂಸತ್ತು ಅದಕ್ಕಾಗಿಯೇ ಒಂದು ಕಾಯ್ದೆ ಮಾಡಬೇಕಾಯಿತು.

ನಮ್ಮ ಹುಡುಗರು ಮೊದಲು ಸೂಚಿಸಿದ್ದು ‘ಬೇಕು’ಗೆ ಬೆಲ್ಲ, ‘ಬೇಡ’ಕ್ಕೆ ಮಿರ್ಚಿ. ಬೆಲ್ಲ ಸಿಹಿ, ಇದು ಮೋಸ ಅಂತ ಒಂದು ಗುಂಪು. ಗಂಗಾವತಿಯಲ್ಲಿ ಮಿರ್ಚಿಗೆ ಬೇಡ ಅನ್ನುವವರು ಯಾರಿದ್ದಾರೆ, ಮೋಸ ನಮಗೇ ಆಗಿದೆ ಅಂತ ಇನ್ನೊಂದು ಗುಂಪು. ಕೊನೆಗೆ ಕೊಡ ಮತ್ತು ಬುಟ್ಟಿ. ‘ಬೇಡ’ ಅನ್ನುವವರಿಗೆ ಬುಟ್ಟಿ ಬಂತು. ವಾರದೊಳಗೆ ಅವರಿಗೆ ‘ಬುಟ್ಟಿ ಪಾರ್ಟಿ’ ಎಂಬ ಹೆಸರು ಬಿತ್ತು, ಕೀನ್ಯಾದಲ್ಲಿ ಆದ ಹಾಗೇ.

ಮತಪತ್ರದ ಬಗ್ಗೆ ಒಂದು ಮಾತು. ಗ್ರಾಮ ಪಂಚಾಯಿತಿ ಚುನಾವಣೆ ಡ್ಯೂಟಿ ಮಾಡಿದವರಿಗೆ ಇದು ಗೊತ್ತಿರುತ್ತದೆ. ಗುರುತುಗಳು ಮೇಲೆ ಕೆಳಗೆ ಇರುವ ಚೀಟಿಯನ್ನು ಮೊದಲು ಉದ್ದಕ್ಕೆ ಮಡಚಬೇಕು, ಆಮೇಲೆ ಅಡ್ಡಕ್ಕೆ. ಮೊದಲೇ ಅಡ್ಡಕ್ಕೆ ಮಡಚಿದರೆ ಕೊಡದ ಮೇಲೆ ಒತ್ತಿದ ಹಸಿ ಶಾಯಿ ಹೋಗಿ ಬುಟ್ಟಿಯ ಮೇಲೂ ಅಂಟುತ್ತದೆ. ಚುನಾವಣೆಯ ಸೀಲಿನಲ್ಲಿ ಬಾಣದ ಅಡ್ಡಗುರುತು ಇರುವುದೇ ಇದಕ್ಕೆ. ಮಡಿಕೆಯಿಂದ ಅಂಟಿದ ಗುರುತಿನಲ್ಲಿ ಬಾಣಗಳು ಉಲ್ಟಾ ತಿರುಗಿರುತ್ತವೆ, ಎಣಿಸುವವರಿಗೆ ಯಾವುದು ಅಸಲಿ ಅಂತ ಗೊತ್ತಾಗುತ್ತದೆ. ನಾವು ಒಂದು ಹಳೆ ರಬ್ಬರ್ ಚಪ್ಪಲಿಯ ಅಟ್ಟೆಯಿಂದ ಅಂಥದ್ದೇ ಸೀಲು ಕೆತ್ತಿಸಿದೆವು. ಕೆತ್ತಿದ ಹುಡುಗ ಮರದ ಗೊಂಬೆಗೆ ಹೆಸರಾದ ಕಿನ್ನಾಳದವನು, ಕೈ ಚೊಕ್ಕ. ಹುಡುಗರಿಗೆ ಇಡೀ ಪಾಠದಲ್ಲಿ ಜಾಸ್ತಿ ನೆನಪಿರುವುದು ಈ ಬಾಣವೇ ಅಂತ ಕಾಣುತ್ತದೆ.

ಪ್ರಚಾರಕ್ಕೆ ಎರಡೂ ಕಡೆಗೆ ಸಮ ಹೊತ್ತು ಕೊಡುತ್ತೇನೆ. ಥಾಯ್ಲೆಂಡಿನಲ್ಲಿ 2016ರಲ್ಲಿ ಸೇನಾ ಸರ್ಕಾರ ಜನಮತಗಣನೆ ನಡೆಸಿದಾಗ ಕರಡಿನ ವಿರುದ್ಧ ಪ್ರಚಾರ ಮಾಡಿದವರನ್ನು ಹಿಡಿದು ಕೇಸು ಹಾಕಿತು. ಆ ಕಾಯ್ದೆಯಲ್ಲಿ 10 ವರ್ಷದವರೆಗೆ ಜೈಲು ಇತ್ತು. ಶೇ 61ರಷ್ಟು ಮತ ಬಿದ್ದು ಕರಡು ಪಾಸಾಯಿತು. ಗೆದ್ದದ್ದೇನೋ ಹೌದು. ಆದರೆ ಒಂದು ಕಡೆಯವರ ಬಾಯಿಗೆ ಬಟ್ಟೆ ಕಟ್ಟಿ ಗೆದ್ದದ್ದನ್ನು ಜನಮತ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ನಾನು ತೆಗೆದುಕೊಳ್ಳುವ ಭಾಗ. ಮತದಾನಕ್ಕೆ ಮೊದಲೇ ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸುತ್ತೇನೆ: ‘ಬೇಡ’ ಗೆದ್ದರೆ ಏನಾಗುತ್ತದೆ? ‘ಬೇಕು’ ಗೆದ್ದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು, ಕರಡು ಕೈಯಲ್ಲೇ ಇದೆ. ‘ಬೇಡ’ ಅನ್ನುವುದರ ಒಳಗೆ ಏನಿದೆ ಅಂತ ಯಾರೂ ಕೇಳಿಕೊಂಡಿರುವುದಿಲ್ಲ. ದೇಶದಿಂದ ದೇಶಕ್ಕೆ ಅದು ಬೇರೆ ಬೇರೆ. ಫ್ರಾನ್ಸಿನ ಜನ 1946ರ ಮೇ ತಿಂಗಳಲ್ಲಿ ಒಂದು ಕರಡನ್ನು ತಿರಸ್ಕರಿಸಿದರು. ಅಲ್ಲಿ ‘ಬೇಡ’ ಅಂದರೆ ಹೊಸ ಸಭೆ ಆರಿಸಿ ಮತ್ತೆ ಬರೆಯಿರಿ ಎಂದು. ಬರೆದರು, ಅಕ್ಟೋಬರಿನಲ್ಲಿ ಜನ ಒಪ್ಪಿದರು. ಅದೇ ಫ್ರಾನ್ಸ್ 1958ರ ಸೆಪ್ಟೆಂಬರ್ 28ರಂದು ಆಗಿನ ಪ್ರಧಾನಿ ಡಿ ಗಾಲ್ ತಂದ ಸಂವಿಧಾನಕ್ಕೆ ತನ್ನ ಆಫ್ರಿಕಾದ ವಸಾಹತುಗಳಲ್ಲೂ ಮತ ಕೇಳಿತು. ಅಲ್ಲಿಯವರಿಗೆ ‘ಬೇಡ’ ಅಂದರೆ ಸ್ವಾತಂತ್ರ್ಯ, ಅದೂ ತಕ್ಷಣ. ಗಿನಿ ಒಂದೇ ಹಾಗೆ ಹೇಳಿತು, ಶೇ 95ಕ್ಕೂ ಹೆಚ್ಚು ಮತದಿಂದ. ಅಕ್ಟೋಬರ್ 2ಕ್ಕೆ ಅದು ಸ್ವತಂತ್ರ ದೇಶ. ಫ್ರಾನ್ಸ್ ನೆರವು ನಿಲ್ಲಿಸಿ, ತನ್ನ ಅಧಿಕಾರಿಗಳನ್ನು ಗಂಟುಮೂಟೆ ಸಮೇತ ವಾಪಸ್ ಕರೆಸಿಕೊಂಡಿತು.

ಚಿಲಿಯದು ಮೂರನೇ ಬಗೆ. 2020ರಲ್ಲಿ ಹೊಸ ಸಂವಿಧಾನ ಬೇಕೇ ಎಂದು ಕೇಳಿದಾಗ ಶೇ 78 ಮಂದಿ ಬೇಕು ಅಂದರು. 155 ಜನರ ಸಭೆ ಕೂತು 388 ವಿಧಿಗಳ ಕರಡು ಬರೆಯಿತು. 2022ರ ಸೆಪ್ಟೆಂಬರ್ 4ರಂದು ಶೇ 62ರಷ್ಟು ಜನ ಅದನ್ನು ತಿರಸ್ಕರಿಸಿದರು. ಮೊದಲ ಸಲ ಮತ ಹಾಕುವುದು ಅವರವರ ಇಷ್ಟ, ಅರ್ಧದಷ್ಟು ಜನ ಮಾತ್ರ ಬಂದಿದ್ದರು. ಎರಡನೇ ಸಲ ಕಡ್ಡಾಯ. ಅಂದರೆ ಕೇಳಿದ್ದು ಒಂದೇ ದೇಶವನ್ನಾದರೂ ಉತ್ತರ ಕೊಟ್ಟವರು ಅದೇ ಜನ ಆಗಿರಲಿಲ್ಲ. ಮರುವರ್ಷ ಬಲಪಂಥೀಯರ ಕೈ ಮೇಲಿದ್ದ ಇನ್ನೊಂದು ಕರಡು ಬಂತು, ಡಿಸೆಂಬರಿನಲ್ಲಿ ಅದೂ ಬಿತ್ತು. ಅಲ್ಲಿ ‘ಬೇಡ’ ಅಂದರೆ ಹಳೆಯದೇ ಮುಂದುವರಿಯುವುದು. ಹಳೆಯದು ಅಂದರೆ ಪಿನೊಶೆ ಎಂಬ ಸರ್ವಾಧಿಕಾರಿಯ ಕಾಲದ 1980ರ ಸಂವಿಧಾನ. ಆಮೇಲೆ ಎಷ್ಟೋ ತಿದ್ದುಪಡಿ ಕಂಡಿದೆ, ಆದರೂ ಬುಡ ಅದೇ.

ಇದೆಲ್ಲ ಕೇಳಿದ ಮೇಲೆ ನಮ್ಮ ಕ್ಲಾಸು ಫ್ರಾನ್ಸಿನ 1946ರ ದಾರಿ ಹಿಡಿಯಿತು. ‘ಬೇಡ’ ಗೆದ್ದರೆ ಹಳೆ ರೂಢಿ ಸದ್ಯಕ್ಕೆ ಮುಂದುವರಿಯಬೇಕು, ಸಮಿತಿ ರಾಜೀನಾಮೆ ಕೊಡಬೇಕು, ಹೊಸ ಸಮಿತಿ ಮತ್ತೆ ಬರೆಯಬೇಕು. ಇದು ಬರೆದಿಟ್ಟಿದ್ದರಿಂದ ಬುಟ್ಟಿ ಪಾರ್ಟಿಯ ಮಾತಿನ ಧಾಟಿಯೇ ಬದಲಾಯಿತು. ಸುಮ್ನೆ ಬೈಯುತ್ತಿದ್ದವರು, ನಾಳೆ ನಾವೇ ಬರೆಯಬೇಕಾದೀತು ಎಂದು ಲೆಕ್ಕ ಹಾಕತೊಡಗಿದರು.

ಮತದಾನದ ದಿನ ಹೊಳೆ ಬಂತು. ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟರೆ ಕಂಪ್ಲಿ ಸೇತುವೆ ಮುಳುಗುತ್ತದೆ, ಇದು ನಮ್ಮ ಕಡೆ ಮಳೆಗಾಲದ ಮಾಮೂಲು ಸುದ್ದಿ. ಬುಕ್ಕಸಾಗರ, ಕಡೇಬಾಗಿಲು ಸುತ್ತಿಕೊಂಡು ಬರಬೇಕು. ಕಂಪ್ಲಿ ಹುಡುಗರು ಯಾರೂ ಬರಲಿಲ್ಲ. ಇವತ್ತೇ ಮುಗಿಸೋಣ ಎಂದು ಸಮಿತಿ ಹಟ ಹಿಡಿಯಿತು. ಕಾರಣ ಸರಳ, ಕಂಪ್ಲಿಯವರಲ್ಲಿ ಹೆಚ್ಚಿನವರು ಬುಟ್ಟಿ ಕಡೆ. ತಡವಾಗಿ ಬಂದವರಿಗೆ ದಂಡ ಎಂಬ ಕಲಂ ಅವರನ್ನು ಸಿಟ್ಟಿಗೆಬ್ಬಿಸಿತ್ತು. ಹೊಳೆ ಬಂದರೆ ನಮ್ಮ ತಪ್ಪೇ ಅನ್ನುವುದು ಅವರ ತಕರಾರು.

ಕನಿಷ್ಠ ಎಷ್ಟು ಜನ ಮತ ಹಾಕಿರಬೇಕು ಎಂಬ ಮಾತು ಬಂದದ್ದೇ ಆಗ. ಟ್ಯುನೀಷಿಯಾದಲ್ಲಿ 2022ರ ಜುಲೈ 25ರಂದು ಹೊಸ ಸಂವಿಧಾನಕ್ಕೆ ಮತದಾನವಾಯಿತು. ಹಾಕಿದವರಲ್ಲಿ ಶೇ 94ಕ್ಕೂ ಹೆಚ್ಚು ಮಂದಿ ‘ಬೇಕು’. ಆದರೆ ಮತಗಟ್ಟೆಗೆ ಬಂದದ್ದೇ ಮತದಾರರಲ್ಲಿ ಶೇ 30ರ ಆಸುಪಾಸು. ವಿರೋಧ ಪಕ್ಷಗಳು ಬಹಿಷ್ಕಾರ ಹಾಕಿದ್ದವು. ಕನಿಷ್ಠ ಇಷ್ಟು ಜನ ಬರಲೇಬೇಕು ಎಂಬ ನಿಯಮ ಇರಲಿಲ್ಲ, ಸಂವಿಧಾನ ಜಾರಿಗೆ ಬಂತು. ಹಾಗಂತ ಅರ್ಧ ಜನ ಬರಲೇಬೇಕು ಎಂದು ನಿಯಮ ಇಟ್ಟರೂ ಇನ್ನೊಂದು ಕುತಂತ್ರಕ್ಕೆ ದಾರಿ. ಸೋಲುವವರು ಮನೆಯಲ್ಲಿ ಕೂತು ಮತದಾನವನ್ನೇ ಕೆಡಿಸಬಹುದು. ಹುಡುಗರು ಅರ್ಧ ಗಂಟೆ ಕಿತ್ತಾಡಿ ಬಗೆಹರಿಸಿದರು: ಹೊಳೆ ಇಳಿಯುವವರೆಗೆ ಪೆಟ್ಟಿಗೆ ತೆರೆಯಬಾರದು. ನಾನು ಬಾಯಿ ಹಾಕಲಿಲ್ಲ.

ಎಣಿಸಿದಾಗ ಬುಟ್ಟಿ ಗೆದ್ದಿತು, ಕೂದಲೆಳೆ ಅಂತರದಲ್ಲಿ. ಬುಟ್ಟಿಗೆ ಹಾಕಿದವರಿಗೆ ಹೆಸರಿಲ್ಲದೆ ಒಂದು ಸಾಲು ಕಾರಣ ಬರೆದುಕೊಡಲು ಹೇಳಿದೆ. ನೀವೂ ಮಾಡುವುದಾದರೆ ಇದನ್ನು ಬಿಡಬೇಡಿ, ಇಡೀ ಕೆಲಸದ ತಿರುಳು ಆ ಚೀಟಿಗಳಲ್ಲಿದೆ. ಒಂದರಲ್ಲಿ “ಮೊಬೈಲ್ ದಂಡ ಜಾಸ್ತಿ ಆಯಿತು”, ಅದರ ಕೆಳಗಿನದರಲ್ಲಿ “ದಂಡ ಸಾಲದು, ಫೋನ್ ತರಲೇಬಾರದು”. ಫ್ಯಾನಿನ ಬೆಂಚಿನ ಸರದಿ ಬೇಡ ಅಂತ ಕೆಲವರು. ಸರದಿ ದಿನಕ್ಕೊಂದು ಸಲ ಬದಲಾಗಲಿ ಅಂತ ಕೆಲವರು. ಕಂಪ್ಲಿಯವರದು ಹೊಳೆ. ಒಬ್ಬರು “ಸಮಿತಿಯವರ ಸೊಕ್ಕು” ಅಂತಷ್ಟೇ ಬರೆದಿದ್ದರು. ಒಬ್ಬರಿಗೊಬ್ಬರು ಆಗದವರೆಲ್ಲ ಒಂದೇ ಬುಟ್ಟಿಗೆ ಬಿದ್ದಿದ್ದರು. 388 ವಿಧಿಗಳ ಪುಸ್ತಕಕ್ಕೆ ಒಂದೇ ಗುರುತಿನಲ್ಲಿ ಉತ್ತರ ಕೇಳಿದರೆ ಚಿಲಿಯಲ್ಲೂ ಇದೇ ಆಗುವುದು, ಅಲ್ವಾ?

ಈ ಚೀಟಿಗಳನ್ನು ಮುಂದಿಟ್ಟುಕೊಂಡೇ ನಾನು ನಮ್ಮ ಸಂವಿಧಾನ ಸಭೆಗೆ ವಾಪಸ್ ಬರುತ್ತೇನೆ. 1948ರ ಫೆಬ್ರವರಿಯಲ್ಲಿ ಕರಡು ಪ್ರಕಟವಾಯಿತು, ಜನರು ಓದಿ ಸಲಹೆ ಕಳಿಸಲು ಸಮಯ ಸಿಕ್ಕಿತು. ಆಮೇಲೆ ಸಭೆಗೆ 7,635 ತಿದ್ದುಪಡಿ ಸೂಚನೆ ಬಂದವು. 2,473 ಮಂಡನೆಯಾಗಿ ಒಂದೊಂದಕ್ಕೂ ವಾದ ನಡೆಯಿತು. ಕೊನೆಗೆ ಜನರನ್ನು ನೇರವಾಗಿ ಕೇಳಲಿಲ್ಲ, ನಿಜ. ಆದರೆ ಇಡಿಯಾಗಿ ನುಂಗು ಇಲ್ಲವೇ ಉಗುಳು ಎಂದು ಯಾರ ಮುಂದೂ ಇಡಲಿಲ್ಲ. ನನಗೆ ಕೇಳಿದರೆ, ಆಗಿನ ದೇಶವಿಭಜನೆಯ ಗಾಯದಲ್ಲಿ, ಮತದಾರರ ಪಟ್ಟಿ ಇನ್ನೂ ಪೂರ್ತಿಯಾಗದ ಹೊತ್ತಿನಲ್ಲಿ, ಜನಮತಗಣನೆ ಮಾಡದಿದ್ದದ್ದೇ ಸರಿ. ಮುತ್ಯಾನ ಪ್ರಶ್ನೆಗೆ ಇದು ಪೂರ್ತಿ ಉತ್ತರವಲ್ಲ ಎಂದೂ ಕ್ಲಾಸಿನಲ್ಲಿ ಹೇಳುತ್ತೇನೆ. ಹೈದರಾಬಾದಿನ ಖಾಲಿ ಕುರ್ಚಿಗಳಿಗೆ ಸಮಜಾಯಿಷಿ ಇಲ್ಲ.

ತಿದ್ದುಪಡಿ ಎಂದರೆ ನಮ್ಮ ಹುಡುಗರಿಗೆ ಬೇಗ ತಿಳಿಯುವ ಉದಾಹರಣೆ 371(ಜೆ), ನಮ್ಮ ಭಾಗದವರಿಗೆ ಓದು, ನೌಕರಿಯಲ್ಲಿ ಮೀಸಲಾತಿಗೆ ದಾರಿ ಮಾಡಿದ ವಿಧಿ. ಸರ್ಟಿಫಿಕೇಟಿಗಾಗಿ ಎಲ್ಲರೂ ಅಲೆದವರೇ. ಅದು ಬಂದದ್ದು 98ನೇ ತಿದ್ದುಪಡಿಯಿಂದ, ಸಂಸತ್ತಿನ ವಿಶೇಷ ಬಹುಮತದಿಂದ. ಹಾಜರಿದ್ದು ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲು, ಜೊತೆಗೆ ಸದನದ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು. ಹೊಸ ಸಮಿತಿ ಇದನ್ನೇ ಎತ್ತಿಕೊಂಡು ತನ್ನ ಕರಡಿನ ತಿದ್ದುಪಡಿ ಕಲಮಿಗೆ ಹಾಕಿತು.

ಆ ಸಮಿತಿ ಇನ್ನೊಂದು ಜಾಣತನ ಮಾಡಿತು. ಕರಡನ್ನು ಮೂರು ಭಾಗ ಮಾಡಿ ಮೂರು ಪ್ರಶ್ನೆ ಕೇಳಿತು. ಲೀಡರ್ ಮತ್ತು ತಿದ್ದುಪಡಿಯ ಭಾಗ ಸಲೀಸಾಗಿ ಪಾಸಾಯಿತು. ಬೆಂಚು, ತಡದ ದಂಡದ ಭಾಗವೂ ಪಾಸಾಯಿತು, ‘ಹೊಳೆ ಬಂದ ದಿನ ಬಿಟ್ಟು’ ಎಂಬ ಸೇರ್ಪಡೆಯೊಂದಿಗೆ. ಮೊಬೈಲ್ ಭಾಗ ಬಿತ್ತು. ಅದನ್ನು ಎಷ್ಟು ತುಂಡು ಮಾಡಿ ಕೇಳಿದರೂ ಬೀಳುತ್ತದೆ ಅಂತ ನನ್ನ ಅಂದಾಜು. ಮಾಡುವವರು ಶ್ರಾವಣದಲ್ಲಿ ಇಟ್ಟುಕೊಳ್ಳಬೇಡಿ, ದಸರಾ ರಜೆ ಮುಗಿದ ಮೇಲೆ ಮಾಡಿ. ಹೊಳೆಯೂ ಇಳಿದಿರುತ್ತದೆ, ಪರೀಕ್ಷೆಯ ಬಿಸಿಯೂ ಹತ್ತಿರುವುದಿಲ್ಲ.