ಲೆಕ್ಕದ ಪ್ರಕಾರ ಸುಡಬಾರದಿದ್ದ ಕನ್ನಡಿ

ಲೇಸರ್ ಬೆಳಕಿನ ದಾರಿಯಲ್ಲಿ ಇಟ್ಟಿದ್ದ ಎರಡನೇ ಕನ್ನಡಿಯೂ ಸುಟ್ಟಾಗ ನನಗೆ ನಿಜಕ್ಕೂ ಗಾಬರಿಯಾಯಿತು. ಮೊದಲನೆಯದು ಹೋದಾಗ ಧೂಳು ಕೂತಿರಬೇಕು ಅಂದುಕೊಂಡಿದ್ದೆ. ಧೂಳಿನ ಕಣ ಬೆಳಕನ್ನು ಹೀರಿ ಕಾದು, ಕೆಳಗಿನ ಕೋಟಿಂಗ್ ಅನ್ನೂ, ಅಂದರೆ ಕನ್ನಡಿಯ ಮೇಲಿನ ತೆಳು ಲೇಪವನ್ನೂ, ಸುಡುವುದು ಸಾಮಾನ್ಯ. ಹಾಗಾಗಿ ಹೊಸ ಕನ್ನಡಿಯನ್ನು ಎಚ್ಚರಿಕೆಯಿಂದ ಒರೆಸಿ ಕೂರಿಸಿದ್ದೆ. ಆದರೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಸೂಜಿಮೊನೆಯಷ್ಟು ಬಿಳಿ ಚುಕ್ಕೆ.

ನನ್ನದು 1064 ನ್ಯಾನೊಮೀಟರ್ ತರಂಗಾಂತರದ ಲೇಸರ್. ಬೆಳಕನ್ನು ಪಲ್ಸ್ ಪಲ್ಸ್ ಆಗಿ, ಅಂದರೆ ಕ್ಷಣಿಕ ಮಿಂಚುಗಳಾಗಿ ಬಿಡುತ್ತದೆ. ಪಲ್ಸ್ ಒಂದಕ್ಕೆ 100 ಮಿಲಿಜೂಲ್, ಪಲ್ಸ್‌ನ ಅವಧಿ 10 ನ್ಯಾನೊಸೆಕೆಂಡ್, ಬೀಮ್ ಅಗಲ 6 ಮಿಲಿಮೀಟರ್. ಕನ್ನಡಿಯ ಡ್ಯಾಮೇಜ್ ಥ್ರೆಶೋಲ್ಡ್, ಅಂದರೆ ಅದು ಸುಡದೆ ತಾಳಬಲ್ಲ ಮಿತಿ, ಚದರ ಸೆಂಟಿಮೀಟರ್‌ಗೆ 10 ಜೂಲ್ ಎಂದು ಅದರ ಜೊತೆ ಬಂದ ಹಾಳೆಯಲ್ಲಿತ್ತು. ಪರೀಕ್ಷೆ ಮಾಡಿದ್ದೂ ಇದೇ ತರಂಗಾಂತರದಲ್ಲಿ, ಇದೇ ಪಲ್ಸ್ ಅವಧಿಯಲ್ಲಿ.

ಈ ಕೊನೆಯ ಮಾತು ತುಂಬಾ ಮುಖ್ಯ. ಬರೀ 10 ಜೂಲ್ ಅನ್ನುವುದಕ್ಕೆ ಅರ್ಥವೇ ಇಲ್ಲ. ನ್ಯಾನೊಸೆಕೆಂಡ್ ಪಲ್ಸ್‌ಗಳಲ್ಲಿ ಈ ಮಿತಿ ಅಂದಾಜಾಗಿ ಪಲ್ಸ್ ಅವಧಿಯ ವರ್ಗಮೂಲದ ಲೆಕ್ಕದಲ್ಲಿ ಬದಲಾಗುತ್ತದೆ. ಅದೇ ಕನ್ನಡಿಗೆ 1 ನ್ಯಾನೊಸೆಕೆಂಡ್ ಪಲ್ಸ್ ಬಿಟ್ಟರೆ ಮಿತಿ ಸುಮಾರು 3 ಜೂಲ್‌ಗೆ ಇಳಿಯುತ್ತದೆ. ತರಂಗಾಂತರ ಕಡಿಮೆಯಾದರೂ ಸಾಮಾನ್ಯವಾಗಿ ಮಿತಿ ಇಳಿಯುತ್ತದೆ. ಎಡೆಬಿಡದೆ ಉರಿಯುವ ಲೇಸರ್ ಆದರೆ ಲೆಕ್ಕವೇ ಬೇರೆ. ಅಲ್ಲಿ ಬಿಸಿ ಎಷ್ಟು ಸೇರುತ್ತದೆ, ಎಷ್ಟು ಹೊರಗೆ ಹೋಗುತ್ತದೆ ಅನ್ನುವುದೇ ಪ್ರಶ್ನೆ.

ಮತ್ತೆ ಲೆಕ್ಕ ಹಾಕಿದೆ. 6 ಮಿಲಿಮೀಟರ್ ಬೀಮ್‌ನ ವಿಸ್ತೀರ್ಣ 0.28 ಚದರ ಸೆಂಟಿಮೀಟರ್. 100 ಮಿಲಿಜೂಲನ್ನು ಅದರಿಂದ ಭಾಗಿಸಿದರೆ ಪ್ರತಿ ಚದರ ಸೆಂಟಿಮೀಟರಿಗೆ ಸರಾಸರಿ 0.35 ಜೂಲ್. ನಡುವೆ ಪ್ರಖರವಾಗಿದ್ದು ಅಂಚಿನ ಕಡೆಗೆ ಮಂದವಾಗುತ್ತಾ ಹೋಗುವ ಗಾಸಿಯನ್ ಬೀಮ್‌ನ ನಟ್ಟನಡುವೆ ಸರಾಸರಿಯ ಎರಡರಷ್ಟು ಇರುತ್ತದೆ, ಅಂದರೆ 0.7. ಹೀಗೆ ಎರಡರಿಂದ ಗುಣಿಸುವುದನ್ನು ಮರೆಯುವುದು ಬಹಳ ಸುಲಭ, ನಾನೂ ಒಂದು ಕಾಲದಲ್ಲಿ ಮರೆಯುತ್ತಿದ್ದೆ. ಅದನ್ನು ಸೇರಿಸಿದ ಮೇಲೂ ಮಿತಿಯ ಹದಿನಾಲ್ಕನೇ ಒಂದು ಪಾಲು ಅಷ್ಟೇ. ಮತ್ತೆ ಸುಟ್ಟಿದ್ದು ಹೇಗೆ?

ಚುಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ದಾರಿ ಸಿಕ್ಕಿತು. ಅದರ ಅಗಲ ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗವೂ ಇರಲಿಲ್ಲ. 6 ಮಿಲಿಮೀಟರ್ ಬೀಮ್ ಇಷ್ಟು ಚಿಕ್ಕ ಗಾಯವನ್ನು ಎರಡು ಸಲ ಒಂದೇ ಕಡೆ ಮಾಡಬೇಕಾದರೆ, ಬೆಳಕು ಎಲ್ಲೋ ಫೋಕಸ್ ಆಗಿಯೇ ಬರುತ್ತಿರಬೇಕು ಅಲ್ವಾ?

ಕನ್ನಡಿಯ ನಂತರ 15 ಸೆಂಟಿಮೀಟರ್ ದೂರದಲ್ಲಿ ಒಂದು ಲೆನ್ಸ್ ಇತ್ತು. ಒಂದು ಬದಿ ಉಬ್ಬು, ಒಂದು ಬದಿ ಚಪ್ಪಟೆ, ಫೋಕಲ್ ದೂರ (ಬೆಳಕು ಒಂದು ಬಿಂದುವಿಗೆ ಸೇರುವ ದೂರ) 30 ಸೆಂಟಿಮೀಟರ್. ಉಬ್ಬು ಬದಿ ಬೀಮ್ ಕಡೆಗಿತ್ತು, ಅದೇ ಸರಿಯಾದ ಕ್ರಮ. ಆದರೆ ಒಳಗೆ ಹೋದ ಬೆಳಕಿನಲ್ಲಿ ಸ್ವಲ್ಪ ಭಾಗ ಹಿಂದಿನ ಚಪ್ಪಟೆ ಮೈಗೆ ತಾಗಿ ಮರಳುತ್ತದೆ. ಮರಳುವಾಗ ಉಬ್ಬು ಮೈಯನ್ನು ಇನ್ನೊಮ್ಮೆ ದಾಟುತ್ತದೆ. ಒಂದೇ ಲೆನ್ಸನ್ನು ಎರಡು ಸಲ ದಾಟಿದಂತೆ. ಹಾಗಾಗಿ ಅದು ಫೋಕಲ್ ದೂರದ ಅರ್ಧದಲ್ಲೇ, ಅಂದರೆ ಲೆನ್ಸ್ ಮುಂದೆ 15 ಸೆಂಟಿಮೀಟರ್‌ನಲ್ಲಿ ಫೋಕಸ್ ಆಗುತ್ತದೆ. ನನ್ನ ಕನ್ನಡಿ ಇದ್ದದ್ದು ಅಲ್ಲೇ.

ಲೆನ್ಸ್‌ಗೆ ಪ್ರತಿಫಲನ ತಡೆಯುವ ಕೋಟಿಂಗ್ ಇತ್ತು. ಮರಳುವುದು 0.25 ಶೇಕಡಾ ಎಂದುಕೊಂಡರೂ ಕಾಲು ಮಿಲಿಜೂಲ್ ಆಯಿತು. ಅದು 50 ಮೈಕ್ರಾನ್, ಅಂದರೆ 0.05 ಮಿಲಿಮೀಟರ್ ಅಗಲದ ಚುಕ್ಕೆಗೆ ಇಳಿದರೆ ಸರಾಸರಿ 12 ಜೂಲ್ ದಾಟುತ್ತದೆ, ನಡುವೆ 25. ಮುಖ್ಯ ಬೀಮ್‌ನ 400ನೇ ಒಂದು ಭಾಗ ಮಿತಿಯ ಎರಡೂವರೆ ಪಟ್ಟು ಆಗಿ ಕೂತಿತ್ತು! ಆ ಅಂಕಿ ನೋಡಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ.

ಖಚಿತ ಮಾಡಿಕೊಳ್ಳಲು ಕನ್ನಡಿಯನ್ನು ತೆಗೆದೆ. ಬೀಮ್ ನೇರವಾಗಿ ಲೆನ್ಸ್‌ಗೆ ಬರುವಂತೆ ಜೋಡಿಸಿ, ಲೇಸರ್ ಶಕ್ತಿಯನ್ನು ತೀರಾ ಇಳಿಸಿ, ರಕ್ಷಣಾ ಕನ್ನಡಕ ಹಾಕಿಕೊಂಡೆ. ಅವಗೆಂಪು ಬೆಳಕಿಗೆ ಹೊಳೆಯುವ ಕಾರ್ಡ್‌ಗೆ ತೂತು ಮಾಡಿ, ಮುಖ್ಯ ಬೀಮ್ ಅದರೊಳಗೆ ಹಾದುಹೋಗುವಂತೆ ಹಿಡಿದೆ. ಲೆನ್ಸನ್ನು ಕೂದಲೆಳೆಯಷ್ಟು ಓರೆ ಮಾಡಿದೆ. ಕಾರ್ಡ್‌ನ ಲೆನ್ಸ್ ಕಡೆಯ ಮುಖದಲ್ಲಿ, ತೂತಿನ ಪಕ್ಕದಲ್ಲೇ, ಹರಳಿನಂಥ ಬಿಂದು ಕಾಣಿಸಿತು. ಕಾರ್ಡ್ ಹಿಂದೆ ಮುಂದೆ ಸರಿಸಿದರೆ ಬಿಂದು ದಪ್ಪವಾಗುತ್ತಿತ್ತು. ತೀರಾ ಸಣ್ಣಗಾಗುತ್ತಿದ್ದದ್ದು 15 ಸೆಂಟಿಮೀಟರ್‌ನಲ್ಲೇ.

ಲೆನ್ಸನ್ನು ಓರೆಯಾಗಿಯೇ ಬಿಡಬಹುದಿತ್ತು, ಆದರೆ ಅದರಿಂದ ಮುಂದಿನ ಫೋಕಸ್ ಕೆಡುತ್ತದೆ. ಅದಕ್ಕೆ ಹೊಸ ಕನ್ನಡಿಯನ್ನೇ ಲೆನ್ಸಿನಿಂದ 40 ಸೆಂಟಿಮೀಟರ್ ದೂರದಲ್ಲಿ ಕೂರಿಸಿದೆ. ಮರಳುವ ಬೆಳಕು ಅಲ್ಲಿಗೆ ಬರುವಷ್ಟರಲ್ಲಿ 10 ಮಿಲಿಮೀಟರ್ ಅಗಲಕ್ಕೆ ಹರಡಿರುತ್ತದೆ.

ಈಗ ಮೇಜಿನ ಮೇಲೆ ಏನನ್ನಾದರೂ ಜೋಡಿಸುವ ಮೊದಲು ಕಾಗದದಲ್ಲಿ ಪ್ರತಿ ಲೆನ್ಸ್‌ನ ಎರಡೂ ಮೈಯಿಂದ ಮರಳುವ ಬೆಳಕು ಎಲ್ಲಿ ಸೇರುತ್ತದೆ ಎಂದು ಗುರುತು ಹಾಕುತ್ತೇನೆ. ಉಬ್ಬು ಬದಿ ಮೊದಲಿದ್ದರೆ ಫೋಕಲ್ ದೂರದ ಅರ್ಧ. ಚಪ್ಪಟೆ ಬದಿ ಮೊದಲಿದ್ದರೆ ಸಾಮಾನ್ಯ ಗಾಜಿನಲ್ಲಿ ಆರನೇ ಒಂದು ಭಾಗ. ಆ ಎರಡು ಜಾಗಗಳಿಗೆ ಪೆನ್ಸಿಲ್‌ನಲ್ಲಿ ಅಡ್ಡಗೆರೆ ಎಳೆದು, ಅಲ್ಲಿ ಗಾಜು ಇಡುವುದಿಲ್ಲ.